ಲೈನ್ ಮನೆಯಿಂದಾಚೆಗೆ



ಕಾಫಿ ಗಿಡಕ್ಕೆ ಎಷ್ಟು ನೆರಳು ಬೇಕು, ಮಣ್ಣು ಎಷ್ಟು ಹುಳಿಯಾಗಿದೆ ಎಂದು ಅಳೆಯುವುದು ನನ್ನ ವೃತ್ತಿ. ಆ ಗಿಡದ ಹಣ್ಣು ಕೊಯ್ಯುವವರ ಸೂರಿನ ಕುರಿತು ನಾವು ಕೃಷಿ ವಿಜ್ಞಾನಿಗಳು ಆಡಿದ ಮಾತು ಕಡಿಮೆ.

1951ರ ತೋಟ ಕಾರ್ಮಿಕರ ಕಾಯಿದೆಯು ಕಾರ್ಮಿಕರ ವಸತಿಯನ್ನು ಮಾಲೀಕರ ಹೊಣೆಯಾಗಿಸಿತು. ಅದು ದೊಡ್ಡ ಹೆಜ್ಜೆಯೇ ಸರಿ. ಆದರೆ ಲೈನ್ ಮನೆ ಕೆಲಸಕ್ಕೆ ಕಟ್ಟುಬಿದ್ದ ಮನೆ. ಕೆಲಸ ತಪ್ಪಿದರೆ ಸೂರೂ ತಪ್ಪುತ್ತದೆ. ಈ ಭಯವಿರುವವರು ನ್ಯಾಯವಾದ ಕೂಲಿಯನ್ನು ಗಟ್ಟಿಯಾಗಿ ಕೇಳಲಾರರು. ಬಡತನ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ಹೀಗೆ.

ವಸತಿ ಯೋಜನೆಗಳು ಮನೆ ಕಟ್ಟಲು ಹಣ ಕೊಡುತ್ತವೆ, ಕಟ್ಟಲು ನೆಲವೆಲ್ಲಿ? ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರಿನಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಎದ್ದುದು ಇದೇ ಪ್ರಶ್ನೆ. ಅವರಲ್ಲಿ ಅನೇಕರು ಲೈನ್ ಮನೆ ತೊರೆದು ಬಂದವರಾಗಿದ್ದರು.

ಹಾಗೆಂದು ಕಡಿದಾದ ಇಳಿಜಾರನ್ನು ಬಡವರಿಗೆ ಹಂಚುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಕಂಡಿದ್ದೇವೆ. ನೀರು, ಶಾಲೆ ಸಮೀಪವಿರುವ ಗಟ್ಟಿ ನೆಲದಲ್ಲಿ ನಿವೇಶನ, ಮನೆಯೊಡತಿಯ ಹೆಸರಿನಲ್ಲಿ ಹಕ್ಕುಪತ್ರ: ಗ್ರಾಮಸಭೆಯಲ್ಲಿ ಇದನ್ನು ಕೇಳೋಣ. ಕಾಡಿನ ಪರವಾಗಿ ದನಿಯೆತ್ತುವ ನಾವೇ ಮೊದಲು ಕೇಳಬೇಕು.