ಇಂದುಪ್ರಕಾಶದ ಸೋಮವಾರಗಳು

(ತುರ್ಭೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹೊರನಾಡಿನ ಕನ್ನಡ ಪತ್ರಿಕೆಗಳನ್ನು ಕುರಿತು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ನಾನು ಹೇಳಹೊರಟಿರುವುದಾದರೋ ಕನ್ನಡದ್ದಲ್ಲದ ಒಂದು ಪತ್ರಿಕೆಯ ಕಥೆ. ಅಧ್ಯಕ್ಷರು ಗಂಟೆ ಬಾರಿಸುವ ಮುನ್ನ ನಮ್ಮ ಅಂಗಳಕ್ಕೇ ಮರಳಿ ಬರುತ್ತೇನೆ, ಕ್ಷಮೆಯಿರಲಿ.

1862ರಲ್ಲಿ ಎರಡು ಸಂಗತಿಗಳು ನಡೆದವು. ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಮುಂಬಯಿಯಲ್ಲಿ ‘ಇಂದುಪ್ರಕಾಶ’ವೆಂಬ ವಾರಪತ್ರಿಕೆ ಮರಾಠಿ ಮತ್ತು ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಹೊರಟಿತು. ಒಂದಕ್ಕೊಂದು ನೇರ ಸಂಬಂಧವಿಲ್ಲ. ಆದರೆ ಗಡಿಗೆರೆ ಬದಲಾದ ಮೇಲೆ ಹೊನ್ನಾವರ, ಕುಮಟೆ, ಕಾರವಾರಗಳ ಹುಡುಗರ ಓದಿನ ದಾರಿ ಮುಂಬಯಿಯ ಕಡೆಗೆ ತಿರುಗಿತು. 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು ಆ ದಾರಿಯಲ್ಲಿ ಬಂದವರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1878ರಿಂದ 1889ರವರೆಗೆ ಇಂದುಪ್ರಕಾಶದ ಇಂಗ್ಲಿಷ್ ಭಾಗದ ಸಂಪಾದಕರಾದರು. 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು, ಮರುವರ್ಷ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರು.

ಅವರು ನಮ್ಮವರೆಂದು ನಾವು ಅಭಿಮಾನಪಡುತ್ತೇವೆ. ಪಡೋಣ. ಆದರೆ ಅವರ ಮನೆಮಾತು ಕೊಂಕಣಿ, ಊರಿನ ಮಾತು ಕನ್ನಡ, ಪತ್ರಿಕೆಯ ಬರವಣಿಗೆ ಇಂಗ್ಲಿಷ್. ಧಾರವಾಡ, ಬೆಳಗಾವಿ, ಕಲಾದಗಿ, ಕಾರವಾರಗಳೆಲ್ಲ ಸೇರಿದ್ದ ಪ್ರಾಂತದ ರಾಜಧಾನಿಯಲ್ಲಿ ಎರಡು ಭಾಷೆಯ ಪತ್ರಿಕೆ ಹೊರಟಾಗ ಆ ಎರಡರಲ್ಲಿ ಕನ್ನಡ ಇರಲಿಲ್ಲ. ಇದಕ್ಕೆ ಅನ್ಯರನ್ನು ದೂರುವುದು ಸುಲಭ. ಕನ್ನಡದ ಮೊದಲ ಪತ್ರಿಕೆಯನ್ನು, ‘ಮಂಗಳೂರ ಸಮಾಚಾರ’ವನ್ನು, 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಡಿಸಲು ಜರ್ಮನಿಯಿಂದ ಬಂದ ಮೊಗ್ಲಿಂಗ್ ಪಾದ್ರಿ ಬೇಕಾದರು; ಅದು ಮರುವರ್ಷ ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ವೆಂದು ಹೆಸರು ಬದಲಿಸಿ, ಬಹುಕಾಲ ಬಾಳದೆ ನಿಂತಿತು. ಇಂದುಪ್ರಕಾಶವಾದರೋ ಮುಂದಿನ ಶತಮಾನವನ್ನು ಕಂಡಿತು. ಅದಕ್ಕೆ ಬರೆಯುವವರ ಬಳಗವೇ ಇತ್ತು. ಮರಾಠಿ ಭಾಗದಲ್ಲಿ ವಿಧವಾ ವಿವಾಹದ ಪರವಾಗಿ ಹೋರಾಡಿದ ವಿಷ್ಣುಶಾಸ್ತ್ರಿ ಪಂಡಿತರು. ಇಂಗ್ಲಿಷ್ ಭಾಗದಲ್ಲಿ, ಆರಂಭದ ದಿನಗಳಲ್ಲಿ, ಮಹಾದೇವ ಗೋವಿಂದ ರಾನಡೆಯವರು. ತುಕಾರಾಮರ ಗಾಥೆಯ ಪ್ರಸಿದ್ಧ ಆವೃತ್ತಿಯ ಮೊದಲ ಸಂಪುಟ 1869ರಲ್ಲಿ ಇಂದುಪ್ರಕಾಶದ ಮುದ್ರಣಾಲಯದಿಂದಲೇ ಹೊರಬಂದಿತು. ವಾರದ ಸುದ್ದಿ ಅಚ್ಚಾದ ಮನೆಯಲ್ಲೇ ಸಂತರ ಅಭಂಗವೂ ಅಚ್ಚಾಯಿತೆಂಬುದು ನನಗೆ ಬಹಳ ಹಿಡಿಸಿದ ವಿಷಯ.

ಆದರೆ ನಾನು ಹೇಳಲೇಬೇಕಾದ ಸಂಗತಿ 1893ರದು. ಆಗ ಇಂಗ್ಲಿಷ್ ಭಾಗವನ್ನು ನೋಡಿಕೊಳ್ಳುತ್ತಿದ್ದವರು ಕೆ. ಜಿ. ದೇಶಪಾಂಡೆ. ಅವರ ಕೇಂಬ್ರಿಜ್ ದಿನಗಳ ಗೆಳೆಯನೊಬ್ಬ ಇಂಗ್ಲೆಂಡಿನಿಂದ ಮರಳಿ ಬಡೋದೆಯ ಸಂಸ್ಥಾನದ ಚಾಕರಿಯಲ್ಲಿದ್ದ. ಹೆಸರು ಅರವಿಂದ ಘೋಷ್, ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಆಗಸ್ಟ್ 7, ಸೋಮವಾರದ ಸಂಚಿಕೆಯಿಂದ ಆತನ ಲೇಖನಮಾಲೆ, ಲೇಖಕನ ಹೆಸರಿಲ್ಲದೆ, ‘ಹಳೆಯ ದೀಪಗಳಿಗೆ ಹೊಸ ದೀಪಗಳು’ ಎಂಬರ್ಥದ ಶೀರ್ಷಿಕೆಯಲ್ಲಿ ಬರತೊಡಗಿತು. ಕಾಂಗ್ರೆಸ್ಸು ಓದಿದ ಮಧ್ಯಮ ವರ್ಗದವರ ಕೂಟ, ಅದು ದೇಶದ ದುಡಿಯುವ ಜನಕೋಟಿಯ ಪ್ರತಿನಿಧಿಯಲ್ಲ ಎಂಬುದು ಅದರ ತಿರುಳು. ಕಾಂಗ್ರೆಸ್ಸಿನ ಹಿರಿಯರ ಮೆಚ್ಚಿನ ಪತ್ರಿಕೆಯಲ್ಲಿ, ಅವರ ಮುಖಕ್ಕೇ ಹೇಳಿದ ಮಾತು!

ಮುಂದೆ ನಡೆದುದು ಖೇದದ ಸಂಗತಿ. ರಾನಡೆಯವರು ಪತ್ರಿಕೆಯ ಒಡೆಯರನ್ನು ಎಚ್ಚರಿಸಿದರು. ಬರಹದ ಕಾವು ತಗ್ಗಿಸಬೇಕಾಯಿತು, ಬರೆಯುವವನಿಗೆ ಆಸಕ್ತಿ ಹೋಯಿತು, 1894ರ ಮಾರ್ಚ್ 5ಕ್ಕೆ ಮಾಲೆ ಮುಗಿಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಬಂಕಿಮಚಂದ್ರರು ತೀರಿಕೊಂಡರು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅದೇ ಲೇಖಕ ಅದೇ ಪತ್ರಿಕೆಯಲ್ಲಿ ಬಂಕಿಮರ ಕುರಿತು ಏಳು ಲೇಖನ ಬರೆದ. ರಾಜಕೀಯಕ್ಕೆ ಮುಚ್ಚಿದ ಬಾಗಿಲು ಸಾಹಿತ್ಯಕ್ಕೆ ತೆರೆದಿತ್ತೆನ್ನಬಹುದು. ನಾನು ರಾನಡೆಯವರನ್ನು ಹಗುರವಾಗಿ ಕಾಣಲಾರೆ. ರಾಜದ್ರೋಹದ ಮೊಕದ್ದಮೆಯ ಭಯ ಅಂದು ಬರಿಯ ನೆಪವಾಗಿರಲಿಲ್ಲ. ಆದರೂ ಆ ಪತ್ರಿಕೆಯ ಹೆಸರನ್ನು ನಾವು ಇಂದು ನೆನೆಯುವುದು ಹೆಚ್ಚಾಗಿ ಅವರು ತಡೆದ ಬರಹದಿಂದಾಗಿ.

ಈಗ ನಮ್ಮ ಅಂಗಳಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೊಂದು ಕನ್ನಡ ನಿಯತಕಾಲಿಕದ ಸಂಪಾದಕ ಮಂಡಳಿಯಲ್ಲಿದ್ದೆ; ಯಾವುದೆಂದು ಹೇಳುವ ಅಗತ್ಯವಿಲ್ಲ. ತುರ್ಭೆಯ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮಾಥಾಡಿ ಕೆಲಸಗಾರರೊಬ್ಬರಿಂದ ಎರಡು ಪುಟದ ಪತ್ರ ಬಂದಿತು. ‘ನಿಮ್ಮ ಕಾರ್ಯಕ್ರಮಗಳೆಲ್ಲ ನಾವು ಲಾರಿ ಖಾಲಿ ಮಾಡುವ ಹೊತ್ತಿಗೇ ನಡೆಯುತ್ತವೆ. ಹಾರ ತುರಾಯಿಗೆ ಒಂದು ಗಂಟೆ, ಕನ್ನಡಕ್ಕೆ ಹತ್ತು ನಿಮಿಷ. ನಮ್ಮ ಮಕ್ಕಳು ಓದುವ ಶಾಲೆಯ ಸ್ಥಿತಿಯನ್ನು ಒಬ್ಬರಾದರೂ ಬಂದು ನೋಡಿದಿರಾ?’ ಎಂಬುದು ಅದರ ಸಾರಾಂಶ. ಕಾಗುಣಿತದ ತಪ್ಪುಗಳಿದ್ದವು, ಮಾತಿನಲ್ಲಿ ತಪ್ಪಿರಲಿಲ್ಲ. ನಾವು ನಾಲ್ವರು ಕುಳಿತು ಓದಿದೆವು. ದಾನಿಗಳ ಮನಸ್ಸು ನೊಂದೀತೆಂದು ಒಬ್ಬರು ಅಂದರು. ಮುಂದಿನ ಸಂಚಿಕೆಯಲ್ಲಿ ನೋಡೋಣವೆಂದು ಬದಿಗಿಟ್ಟವನು ನಾನು. ಆ ಮುಂದಿನ ಸಂಚಿಕೆ ಬಂದಿತು, ಪತ್ರ ಬರಲಿಲ್ಲ. ಅವರೂ ಮತ್ತೆ ಬರೆಯಲಿಲ್ಲ.

ಇಂದು ಬೆಳಿಗ್ಗೆ ಅವರನ್ನು ಹುಡುಕಿಕೊಂಡು ಮಾರುಕಟ್ಟೆಗೆ ಹೋಗಿದ್ದೆ. ‘ಇನ್ನೂ ಇಟ್ಟುಕೊಂಡಿದ್ದೀರಾ ಸಾಹೇಬರೇ?’ ಎಂದು ನಕ್ಕರು. ಅಚ್ಚು ಹಾಕಲು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಕಾಗುಣಿತ ತಿದ್ದಬಹುದು, ಮಾತು ತಿದ್ದಕೂಡದು. ಪತ್ರ ಈ ಚೀಲದಲ್ಲಿದೆ. ಸಭೆ ಮುಗಿದೊಡನೆ ನಿಮ್ಮ ತ್ರೈಮಾಸಿಕದ ಸಂಪಾದಕರ ಕೈಗೆ ಒಪ್ಪಿಸುತ್ತೇನೆ. ಅವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ದಾನಿಗಳ ಪಕ್ಕದಲ್ಲಿ.