ಫತೇ ಮೈದಾನದಿಂದ ಗಚ್ಚಿಬೌಲಿಗೆ

2025ರ ಜೂನ್ ತಿಂಗಳಲ್ಲಿ ನಮ್ಮ ದೇಶದಲ್ಲಿ ಮೊದಲ ಸಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಇದು ಒಂದು ತಂಡಕ್ಕೆ ಏಳೇ ಮಂದಿ ಆಡುವ ಸೆವೆನ್ಸ್ ಮಾದರಿಯ ಆಟ. ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ತಂಡಗಳು ಕಣದಲ್ಲಿದ್ದವು. ಅವುಗಳಲ್ಲಿ ಹೈದರಾಬಾದ್ ಹೀರೋಸ್ ಕೂಡ ಒಂದು. ಆದರೆ ಆ ತಂಡದ ಒಂದು ಪಂದ್ಯವೂ ಹೈದರಾಬಾದಿನಲ್ಲಿ ನಡೆಯಲಿಲ್ಲ. ಎಲ್ಲ ತಂಡಗಳ ಎಲ್ಲ ಪಂದ್ಯಗಳೂ ಮುಂಬೈಯ ಅಂಧೇರಿ ಕ್ರೀಡಾಂಗಣದಲ್ಲೇ ಆದವು. ಹೆಸರು ಈ ಊರಿನದು, ಅಂಗಳ ಇನ್ನೊಂದು ಊರಿನದು.

ಹಾಗಾದರೆ ಹೈದರಾಬಾದಿನ ರಗ್ಬಿ ತಂಡಕ್ಕೆ ತವರು ಅಂಗಳವೊಂದು ಬೇಕೆಂದರೆ ಅದು ಯಾವುದಾಗಬೇಕು? ಉತ್ತರ ಹುಡುಕಲು ಈ ಊರಿನ ಮೈದಾನಗಳ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಬೇಕು.

ಮೊದಲು ರಗ್ಬಿಯ ವಿಷಯ. ಈ ಆಟ ಭಾರತಕ್ಕೆ ಹೊಸದೇನಲ್ಲ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ಬ್ರಿಟಿಷರು ರಗ್ಬಿ ಪಂದ್ಯ ಆಡಿದ್ದರು. ಅದರ ಬೆನ್ನಿಗೇ ಅಲ್ಲೊಂದು ಕ್ಲಬ್ ಹುಟ್ಟಿತು. ಆದರೆ ಆಡುತ್ತಿದ್ದ ಸೈನಿಕರ ಪಡೆ ಬೇರೆಡೆಗೆ ಹೋಯಿತು. ಉಳಿದವರಿಗೆ ಇಲ್ಲಿನ ಸೆಕೆಗೆ ಪೋಲೋ, ಟೆನಿಸ್ ಆಟಗಳೇ ಹಿತವೆನಿಸಿದವು. ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿದ್ದ 270 ಬೆಳ್ಳಿ ರೂಪಾಯಿಗಳನ್ನು ತೆಗೆದು, ಕರಗಿಸಿ, ಒಂದು ಕಪ್ ಮಾಡಿಸಿದರು. ಅದರ ಹಿಡಿಕೆಗಳು ಹೆಡೆಯೆತ್ತಿದ ನಾಗರಹಾವುಗಳು, ಮುಚ್ಚಳದ ಮೇಲೆ ಆನೆ. 1878ರಲ್ಲಿ ಇಂಗ್ಲೆಂಡಿನ ರಗ್ಬಿ ಸಂಸ್ಥೆಗೆ ಅದನ್ನು ಒಪ್ಪಿಸಿದರು. ಇಂದಿಗೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಸೆಣಸುವುದು ಆ ಕಲ್ಕತ್ತಾ ಕಪ್ಪಿಗೇ. ಕಪ್ ಉಳಿಯಿತು, ಅದನ್ನು ಮಾಡಿಸಿದ ಕ್ಲಬ್ ಉಳಿಯಲಿಲ್ಲ.

ಈಗ ಹೈದರಾಬಾದಿಗೆ ಬರೋಣ. ಬಶೀರ್‌ಬಾಗ್ ಕಡೆಯಿಂದ ಬರುವಾಗ ನಿಜಾಮ್ ಕಾಲೇಜಿನ ಎದುರಿಗೆ ದೊಡ್ಡದೊಂದು ಕ್ರೀಡಾಂಗಣ ಕಾಣುತ್ತದೆ. ಅದರ ಹೆಸರು ಲಾಲ್ ಬಹಾದೂರ್ ಕ್ರೀಡಾಂಗಣ. ಎಲ್.ಬಿ. ಸ್ಟೇಡಿಯಂ ಎಂದರೆ ಆಟೋದವರಿಗೆಲ್ಲ ಗೊತ್ತು. ಹಳಬರ ಬಾಯಲ್ಲಿ ಮಾತ್ರ ಅದು ಈಗಲೂ ಫತೇ ಮೈದಾನ. 1687ರಲ್ಲಿ ಔರಂಗಜೇಬನ ಸೈನ್ಯ ಗೋಲ್ಕೊಂಡ ಕೋಟೆಗೆ ಎಂಟು ತಿಂಗಳು ಮುತ್ತಿಗೆ ಹಾಕಿತ್ತು. ಆಗ ಮೊಗಲ್ ಸೈನಿಕರು ಬೀಡುಬಿಟ್ಟಿದ್ದ ವಿಶಾಲ ಬಯಲು ಇದು. ಕೋಟೆ ಬಿದ್ದ ಮೇಲೆ ಬಯಲಿಗೆ ಗೆಲುವಿನ ಹೆಸರು ಬಂತು.

ಆಸಫ್‌ಜಾಹಿ ದೊರೆಗಳ ಕಾಲದಲ್ಲಿ ಇಲ್ಲಿ ಪೋಲೋ ನಡೆಯುತ್ತಿತ್ತು. ಕಲ್ಕತ್ತೆಯಲ್ಲಿ ರಗ್ಬಿಯನ್ನು ಹಿಂದಿಕ್ಕಿದ ಆಟವೇ ಹೈದರಾಬಾದಿನಲ್ಲಿ ಅರಮನೆಯ ಆಟವಾಗಿ ಮೆರೆಯಿತು. ಆಮೇಲೆ ಬಂದದ್ದು ಕ್ರಿಕೆಟ್. ಪಾಯಿಗಾ ಮನೆತನದ ನವಾಬ್ ಮೊಯಿನುದ್ದೌಲಾ ಅವರು 1930-31ರಲ್ಲಿ ಚಿನ್ನದ ಕಪ್ಪಿನ ಪಂದ್ಯಾವಳಿ ಶುರು ಮಾಡಿದರು. ಸಿಕಂದರಾಬಾದಿನ ಜಿಮ್‌ಖಾನಾ ಮೈದಾನದಲ್ಲಿ ಸರಿಯಾದ ಕ್ರೀಡಾಂಗಣ ಇರಲಿಲ್ಲವಾದ್ದರಿಂದ ಆ ಪಂದ್ಯಗಳು ಮುಂದೆ ಫತೇ ಮೈದಾನಕ್ಕೆ ಬಂದವು. ಕುದುರೆಗಳು ಓಡಿದ ನೆಲದಲ್ಲಿ ಪಿಚ್ ಹಾಸಿದರು.

1955ರ ನವೆಂಬರ್‌ನಲ್ಲಿ ಇಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆಯಿತು. ಎದುರಾಳಿ ನ್ಯೂಜಿಲೆಂಡ್. ಭಾರತದ ನಾಯಕ ಇದೇ ಊರಿನ ಸ್ಪಿನ್ನರ್ ಗುಲಾಂ ಅಹ್ಮದ್. ಆ ಪಂದ್ಯದಲ್ಲಿ ಪಾಲಿ ಉಮ್ರಿಗರ್ 223 ರನ್ ಹೊಡೆದರು. ಟೆಸ್ಟ್ ಕ್ರಿಕೆಟ್‌ನಲ್ಲಿ ಭಾರತೀಯನೊಬ್ಬನ ಮೊದಲ ದ್ವಿಶತಕ ಅದು. ಎ.ಜಿ. ಕೃಪಾಲ್ ಸಿಂಗ್ ಕೂಡ ತಮ್ಮ ಮೊದಲ ಟೆಸ್ಟಿನಲ್ಲೇ ಔಟಾಗದೆ ಶತಕ ಮುಗಿಸಿದರು. ನೆನಪಿರಲಿ, ಆಗಿನ್ನೂ ರಾಜ್ಯಗಳ ಮರುವಿಂಗಡಣೆ ಆಗಿರಲಿಲ್ಲ. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿನ ಕನ್ನಡಿಗರಿಗೆ ಫತೇ ಮೈದಾನ ತಮ್ಮ ರಾಜಧಾನಿಯ ಮೈದಾನವಾಗಿತ್ತು.

1967ರಲ್ಲಿ, ಅದಕ್ಕೆ ಒಂದು ವರ್ಷದ ಹಿಂದೆ ತಾಷ್ಕೆಂಟಿನಲ್ಲಿ ತೀರಿಕೊಂಡಿದ್ದ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರ ಹೆಸರನ್ನು ಕ್ರೀಡಾಂಗಣಕ್ಕೆ ಇಟ್ಟರು. ಎರಡು ವರ್ಷ ಕಳೆದು, 1969ರ ಅಕ್ಟೋಬರ್‌ನಲ್ಲಿ, ಮತ್ತೆ ನ್ಯೂಜಿಲೆಂಡ್ ಬಂತು. ಮೊದಲ ಇನಿಂಗ್ಸಿನಲ್ಲಿ ಭಾರತ 89ಕ್ಕೆ ಆಲೌಟ್. ಗೆಲ್ಲಲು 268 ರನ್ ಬೇಕಿದ್ದ ಎರಡನೇ ಇನಿಂಗ್ಸಿನಲ್ಲಿ 76 ಆಗುವಷ್ಟರಲ್ಲಿ ಏಳು ವಿಕೆಟ್ ಹೋಗಿದ್ದವು. ಆಗ ಮಳೆ ಸುರಿಯಿತು, ಪಂದ್ಯ ಡ್ರಾ ಆಯಿತು, ಭಾರತದ ಮಾನ ಉಳಿಯಿತು. ಮೂರನೆಯ ಹಾಗೂ ಕೊನೆಯ ಟೆಸ್ಟ್ 1988ರಲ್ಲಿ. ಆಗಲೂ ಎದುರಾಳಿ ನ್ಯೂಜಿಲೆಂಡೇ! ಈ ಅಂಗಳದಲ್ಲಿ ಆದ ಮೂರೂ ಟೆಸ್ಟ್‌ಗಳು ಆ ಒಂದೇ ದೇಶದ ಎದುರು.

ಕನ್ನಡಿಗರು ಮರೆಯಲಾಗದ ದಿನವೊಂದಿದೆ: 1999ರ ನವೆಂಬರ್ 8. ಅಂದಿನ ಏಕದಿನ ಪಂದ್ಯದಲ್ಲೂ ನ್ಯೂಜಿಲೆಂಡೇ ಎದುರಿಗಿತ್ತು. ಸಚಿನ್ ತೆಂಡೂಲ್ಕರ್ ಅಜೇಯ 186, ನಮ್ಮ ರಾಹುಲ್ ದ್ರಾವಿಡ್ 153. ಇಬ್ಬರೂ ಸೇರಿ ಎರಡನೇ ವಿಕೆಟ್‌ಗೆ 331 ರನ್ ಕೂಡಿಸಿದರು. ಏಕದಿನ ಕ್ರಿಕೆಟ್‌ನ ಆ ವಿಶ್ವದಾಖಲೆ ಮುರಿಯಲು 2015ರವರೆಗೆ ಕಾಯಬೇಕಾಯಿತು. 2005ರಲ್ಲಿ ಉಪ್ಪಲ್‌ನ ಹೊಸ ಕ್ರೀಡಾಂಗಣ ತೆರೆದ ಮೇಲೆ ಅಂತಾರಾಷ್ಟ್ರೀಯ ಕ್ರಿಕೆಟ್ ಅತ್ತ ಹೋಯಿತು.

ಕ್ರಿಕೆಟ್ ಹೋದರೂ ಎಲ್.ಬಿ. ಸ್ಟೇಡಿಯಂ ಬಡವಾಗಲಿಲ್ಲ. ಅದರ ಆವರಣದಲ್ಲಿ ಒಳಾಂಗಣ ಕ್ರೀಡಾಂಗಣವಿದೆ, ಈಜುಕೊಳವಿದೆ, ಟೆನಿಸ್ ಅಂಕಣಗಳಿವೆ. ಸೈನಾ ನೆಹ್ವಾಲ್ ಚಿಕ್ಕ ಹುಡುಗಿಯಾಗಿದ್ದಾಗ ತಂದೆಯ ಜೊತೆ ಬಂದು ಬ್ಯಾಡ್ಮಿಂಟನ್ ರ‍್ಯಾಕೆಟ್ ಹಿಡಿದದ್ದು ಇಲ್ಲಿಯೇ. 1983ರ ಜನವರಿ 9ರಂದು ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ, 2023ರ ಡಿಸೆಂಬರ್ 7ರಂದು ರೇವಂತ್ ರೆಡ್ಡಿ ಸ್ವೀಕರಿಸಿದ್ದೂ ಇದೇ ಬಯಲಿನಲ್ಲಿ. ಸೈನ್ಯ, ಕುದುರೆ, ಕ್ರಿಕೆಟ್, ರಾಜಕೀಯ ಎಲ್ಲಕ್ಕೂ ಈ ನೆಲ ಜಾಗ ಕೊಟ್ಟಿದೆ.

ಹೈದರಾಬಾದ್ ಫುಟ್‌ಬಾಲಿನ ಊರೂ ಹೌದು. ಸಯ್ಯದ್ ಅಬ್ದುಲ್ ರಹೀಂ ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಅದೇ ರಹೀಂ ಸಾಹೇಬರ ಮಾರ್ಗದರ್ಶನದಲ್ಲಿ ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೇರಿತು, 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. ಪೊಲೀಸ್ ತಂಡವೂ ಬೊಂಬಾಯಿಯಲ್ಲೇ ಗೆದ್ದದ್ದು ನಿಜ. ಆದರೆ ಅದು ಹೈದರಾಬಾದಿನಲ್ಲಿ ಬೆಳೆದು, ಬೊಂಬಾಯಿಗೆ ಹೋಗಿ ಗೆದ್ದು, ಮರಳಿ ಹೈದರಾಬಾದಿಗೆ ಬರುತ್ತಿತ್ತು. ಇಂದಿನ ರಗ್ಬಿ ತಂಡಕ್ಕೆ ಮರಳಿ ಬರಲು ಒಂದು ಅಂಗಳವಿಲ್ಲ.

ಈಗ ಊರಿನ ಪಶ್ಚಿಮಕ್ಕೆ, ಗಚ್ಚಿಬೌಲಿಗೆ ಹೋಗೋಣ. 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಅಲ್ಲಿ ಕ್ರೀಡಾ ಸಂಕೀರ್ಣವೇ ಎದ್ದಿತು. ಅದರ ನಡುವಿನ ಅಥ್ಲೆಟಿಕ್ ಕ್ರೀಡಾಂಗಣಕ್ಕೆ ಜಿ.ಎಂ.ಸಿ. ಬಾಲಯೋಗಿಯವರ ಹೆಸರು. ಲೋಕಸಭೆಯ ಸ್ಪೀಕರ್ ಆಗಿದ್ದ ಅವರು ಅದೇ ವರ್ಷ ಮಾರ್ಚ್ 3ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡಿದ್ದರು. ಸುಮಾರು 30 ಸಾವಿರ ಜನ ಕೂರಬಹುದಾದ ಈ ಅಂಗಳ 2003ರ ಆಫ್ರೋ-ಏಷ್ಯನ್ ಕ್ರೀಡಾಕೂಟ ಮತ್ತು 2007ರ ಸೇನಾ ವಿಶ್ವ ಕ್ರೀಡಾಕೂಟಗಳನ್ನು ಕಂಡಿತು. 2005ರಲ್ಲಿ ಪಕ್ಕದ ಹಾಕಿ ಅಂಗಳದಲ್ಲಿ ಪ್ರೀಮಿಯರ್ ಹಾಕಿ ಲೀಗಿನ ಮೊದಲ ಆವೃತ್ತಿ ನಡೆದು, ಹೈದರಾಬಾದ್ ಸುಲ್ತಾನ್ಸ್ ಕಪ್ ಎತ್ತಿತು. ದೊಡ್ಡ ಕೂಟಗಳು ಹೀಗೆ ಮದುವೆ ಚಪ್ಪರದಂತೆ ಬಂದು ಹೋದವು. ವರ್ಷವಿಡೀ ಬೇಕಾದದ್ದು ಊರಿನದೇ ಒಂದು ತಂಡ.

ಆ ತಂಡ 2019ರಲ್ಲಿ ಬಂತು: ಫುಟ್‌ಬಾಲಿನ ಹೈದರಾಬಾದ್ ಎಫ್‌ಸಿ. ಮೂರೇ ವರ್ಷಕ್ಕೆ, 2022ರ ಮಾರ್ಚ್‌ನಲ್ಲಿ, ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಗೆದ್ದಿತು. 2024ರ ಕೊನೆಯ ದಿನ ಇದೇ ಗಚ್ಚಿಬೌಲಿಯಲ್ಲಿ ಬಂಗಾಳ ತಂಡ ಕೇರಳವನ್ನು ಮಣಿಸಿ ತನ್ನ 33ನೇ ಸಂತೋಷ್ ಟ್ರೋಫಿ ಪಡೆಯಿತು. ಆದರೆ 2025ರಲ್ಲಿ ಹೈದರಾಬಾದ್ ಎಫ್‌ಸಿಯ ಸ್ಥಾನ ದೆಹಲಿಗೆ ಹೋಯಿತು, ಹೆಸರೂ ಬದಲಾಯಿತು. ಮೂವತ್ತು ಸಾವಿರ ಆಸನಗಳ ಅಂಗಳಕ್ಕೆ ತನ್ನದೆನ್ನುವ ತಂಡ ಇಲ್ಲದಾಯಿತು.

ಇಲ್ಲಿ ರಗ್ಬಿ ಆಡಲು ಸಾಧ್ಯವೇ? ಲೆಕ್ಕ ಹಾಕೋಣ. ರಗ್ಬಿ ಅಂಕಣದ ಒಂದು ಗೋಲ್ ಗೆರೆಯಿಂದ ಇನ್ನೊಂದಕ್ಕೆ ಹೆಚ್ಚೆಂದರೆ 100 ಮೀಟರ್, ಅಗಲ 68ರಿಂದ 70 ಮೀಟರ್. ಗೆರೆಗಳ ಆಚೆ ಎರಡೂ ಕಡೆ ಚೆಂಡನ್ನು ನೆಲಕ್ಕೆ ಊರಿ ಅಂಕ ಪಡೆಯಲು ಕನಿಷ್ಠ ಆರಾರು ಮೀಟರ್ ಜಾಗ. ಗೋಲ್ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಆಕಾರ. ಕಂಬಗಳ ನಡುವೆ 5.6 ಮೀಟರ್, ಅಡ್ಡಪಟ್ಟಿ ನೆಲದಿಂದ ಮೂರು ಮೀಟರ್ ಎತ್ತರ. 400 ಮೀಟರ್ ಓಟದ ಹಾದಿಯೊಳಗಿನ ಹುಲ್ಲಿಗೆ ಫುಟ್‌ಬಾಲ್ ಸಲೀಸಾಗಿ ಹಿಡಿಸುತ್ತದೆ. ರಗ್ಬಿಗೆ ಮಾತ್ರ ತಿರುವುಗಳಲ್ಲಿ ನಾಲ್ಕೂ ಮೂಲೆಗಳು ಓಟದ ಹಾದಿಯನ್ನು ಒತ್ತುತ್ತವೆ. ಅಂಕಣವನ್ನು ಒಂದೆರಡು ಮೀಟರ್ ಕಿರಿದು ಮಾಡಿ, ಅಂಚಿಗೆ ಮೆತ್ತನೆಯ ಹಾಸು ಹಾಕಿದರೆ ಶಾಲೆ, ಕಾಲೇಜುಗಳ ಸೆವೆನ್ಸ್ ಪಂದ್ಯಗಳಿಗೆ ಅಡ್ಡಿಯಿಲ್ಲ. ಹೊಸ ಕಾಂಕ್ರೀಟು ಬೇಕಿಲ್ಲ, ಬೇಕಿರುವುದು ಕಂಬಗಳು, ಸುಣ್ಣದ ಗೆರೆ ಮತ್ತು ವೇಳಾಪಟ್ಟಿಯಲ್ಲಿ ಒಂದಿಷ್ಟು ದಿನ.

ಈ ಚರಿತ್ರೆಯೆಲ್ಲ ಹೇಳುವ ಮಾತು ಒಂದೇ. ಫತೇ ಮೈದಾನವನ್ನು ಊರಿನದಾಗಿ ಮಾಡಿದ್ದು ಮೊಗಲರ ಗೆಲುವಲ್ಲ, ನವಾಬರ ಕುದುರೆಯೂ ಅಲ್ಲ. ವರ್ಷ ವರ್ಷವೂ ಅಲ್ಲಿ ಪಂದ್ಯ ಇಟ್ಟವರು, ಮಕ್ಕಳಿಗೆ ಗೇಟು ತೆರೆದವರು, ಬಿಸಿಲಲ್ಲಿ ಕೂತು ನೋಡಿದವರು ಅದನ್ನು ಊರಿನದಾಗಿ ಮಾಡಿದರು. ರಗ್ಬಿಗೂ ದಾರಿ ಅದೇ. ಲೀಗ್ ನಡೆಸುವವರು ಮುಂದಿನ ಸಲ ಹೈದರಾಬಾದ್ ತಂಡದ ಎರಡು ಪಂದ್ಯಗಳನ್ನಾದರೂ ಹೈದರಾಬಾದಿನಲ್ಲಿ ಇಡಲಿ. ತೆಲಂಗಾಣದ ಕ್ರೀಡಾ ಪ್ರಾಧಿಕಾರ ಗಚ್ಚಿಬೌಲಿಯ ಹುಲ್ಲನ್ನು ವಾರಕ್ಕೊಂದು ಸಂಜೆ ಶಾಲಾ ಮಕ್ಕಳ ರಗ್ಬಿಗೆ ಬಿಡಲಿ. ಕಾಚಿಗುಡದಿಂದ ಗಚ್ಚಿಬೌಲಿವರೆಗೆ ನೆಲೆಸಿರುವ ನಮ್ಮ ಕನ್ನಡಿಗರಲ್ಲೂ ಒಂದು ಕೋರಿಕೆ: ಬೆಂಗಳೂರು ಬ್ರೇವ್‌ಹಾರ್ಟ್ಸ್ ಇಲ್ಲಿಗೆ ಆಡಲು ಬಂದ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ. ಯಾವ ತಂಡಕ್ಕೆ ಜೈ ಅನ್ನಬೇಕೆಂಬುದನ್ನು ಅವರೇ ತೀರ್ಮಾನಿಸಲಿ.