ಬ್ರೌಸರ್ ಯಾವುದಾದ್ರೇನು ಅಂದ್ಕೊಂಡಿದ್ದೆ, ₹1,850 ಹೋಗೋವರೆಗೂ

ಹಿರೇಕೆರೂರು ತಾಲ್ಲೂಕಿನ ಅಬಲೂರಿನಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತವರು, ಹೊಲಕ್ಕೆ ಹೊರಟವರು, ನಾಳೆ ಪರೀಕ್ಷೆ ಇಟ್ಕೊಂಡು ಇವತ್ತು ಇದನ್ನ ಕೇಳ್ತಾ ಇರೋರು, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಬ್ರೌಸರ್. "ಅದರ ಬಗ್ಗೆ ಏನು ಮಾತಾಡೋದು, ಫೋನ್ ಜೊತೆಗೇ ಬಂದಿರುತ್ತಲ್ಲ" ಅಂದ್ಕೊಂಡ್ರಿ ತಾನೆ? ನಾನೂ ಹಾಗೇ ಅಂದ್ಕೊಂಡಿದ್ದೆ. ಹಾಗಾಗಿ ಮೊದಲು ನನ್ನ ಕಥೆ ಹೇಳಿಬಿಡ್ತೀನಿ.

ನಮ್ಮೂರಿನ ಹೆಸರನ್ನ ನೀವು ಸರ್ವಜ್ಞನ ಜೊತೆ ಕೇಳಿರ್ತೀರಿ. ಸೋಮೇಶ್ವರ ದೇವಸ್ಥಾನ, ಏಕಾಂತದ ರಾಮಯ್ಯನ ಕಥೆ ಕೂಡ ಇಲ್ಲಿಯದೇ. ಸರ್ವಜ್ಞನ ಊರಿನ ಹುಡುಗಿ, ಬಿ.ಕಾಂ ಮಾಡಿದ್ದೀನಿ, ಪಾಡ್‌ಕಾಸ್ಟ್ ಬೇರೆ ಮಾಡ್ತೀನಿ. ಮನೆಯಲ್ಲಿ ಫೋನಿನ ವಿಷಯ ಬಂತು ಅಂದ್ರೆ ನಾನೇ ಸರ್ವಜ್ಞ.

ಕಳೆದ ಮುಂಗಾರಿಗೆ ಮುಂಚೆ ಅಪ್ಪ ಸ್ಪ್ರಿಂಕ್ಲರ್ ಪೈಪಿಗೆ ಸಬ್ಸಿಡಿ ಸಿಗುತ್ತಾ ನೋಡು ಅಂದ್ರು. ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಂದು ಸೋಶಿಯಲ್ ಮೀಡಿಯಾ ಆ್ಯಪ್ ನೋಡ್ತಾ ಇದ್ದೆ. ಸರಿಯಾಗಿ ಅದೇ ಯೋಜನೆಯ ಜಾಹೀರಾತು ಬಂತು. ಒತ್ತಿದೆ. ಹಸಿರು ಬಣ್ಣ, ಸಿಂಹದ ಲಾಂಛನ, ಚಂದದ ಕನ್ನಡ. ಅಪ್ಪನ ಆಧಾರ್ ನಂಬರ್, ಪಹಣಿಯ ಸರ್ವೆ ನಂಬರ್ ಎಲ್ಲಾ ತುಂಬಿದೆ. ನೋಂದಣಿ ಶುಲ್ಕ ₹1,850 ಅಂತ ಬಂತು, ಯುಪಿಐನಲ್ಲಿ ಕಟ್ಟಿದೆ. ಬಸ್ ಬಂತು, ಹತ್ತಿದೆ.

ಸಂಜೆ ಮನೆಗೆ ಬಂದು ರಸೀದಿ ತೋರಿಸೋಣ ಅಂತ ತೆಗೆದ್ರೆ ಆ ಸೈಟೇ ಇಲ್ಲ. ನಾನು ಮಾಡಿದ ದೊಡ್ಡ ತಪ್ಪು ಇದಾದ ಮೇಲಿನದ್ದು. ನಾಚಿಕೆಗೆ ಎರಡು ದಿನ ಯಾರಿಗೂ ಹೇಳಲಿಲ್ಲ. ಸೈಬರ್ ವಂಚನೆಗೆ 1930 ಅನ್ನೋ ಸಹಾಯವಾಣಿ ಇದೆ. ತಕ್ಷಣ ಫೋನ್ ಮಾಡಿದ್ರೆ ದುಡ್ಡು ಮುಂದಿನ ಖಾತೆಗೆ ದಾಟೋ ಮೊದಲೇ ತಡೆಯೋ ಅವಕಾಶ ಇರುತ್ತೆ. ನಾನು ಮಾಡಿದ್ದು ಮೂರನೇ ದಿನ. ದುಡ್ಡು ವಾಪಸ್ ಬರಲಿಲ್ಲ. ಅಪ್ಪ ಬೈಯಲಿಲ್ಲ. "ನೀನ ತುಂಬಿದ್ದಿ ಅಂತ ನಾನು ಕೇಳಲಿಲ್ಲವಾ" ಅಂದ್ರು, ಅಷ್ಟೇ. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಆಮೇಲೆ ಕೂತು ಯೋಚನೆ ಮಾಡಿದಾಗ ಗೊತ್ತಾಗಿದ್ದು ಏನಂದ್ರೆ, ಅವತ್ತು ನಾನು ಬ್ರೌಸರನ್ನೇ ಬಳಸಿರಲಿಲ್ಲ. ಎಷ್ಟೋ ಆ್ಯಪ್‌ಗಳಲ್ಲಿ ಲಿಂಕ್ ಒತ್ತಿದ್ರೆ ಅದು ನಮ್ಮ ಬ್ರೌಸರಿಗೆ ಹೋಗಲ್ಲ, ಆ ಆ್ಯಪ್ ಒಳಗಿನದೇ ಒಂದು ಸಣ್ಣ ಕಿಟಕಿಯಲ್ಲಿ ತೆರೆದುಕೊಳ್ಳುತ್ತೆ. ಆ ಕಿಟಕಿಯಲ್ಲಿ ವಿಳಾಸ ಅರ್ಧಂಬರ್ಧ ಕಾಣುತ್ತೆ. ನಾವು ಸೇವ್ ಮಾಡಿಟ್ಟ ಬುಕ್‌ಮಾರ್ಕ್ ಇಲ್ಲ, ಮಾಡಿಕೊಂಡ ಸೆಟ್ಟಿಂಗ್ ಇಲ್ಲ. ಇದು ನಿಮಗೆ ಇವತ್ತಿನ ಮೊದಲ ಪಾಠ: ಫಾರ್ಮ್ ತುಂಬೋದು, ದುಡ್ಡು ಕಟ್ಟೋದು ಬಂತು ಅಂದ್ರೆ ಮೂರು ಚುಕ್ಕಿ ಒತ್ತಿ, "ಓಪನ್ ಇನ್ ಬ್ರೌಸರ್" ಕೊಡ್ರಿ. ಇನ್ನೂ ಒಳ್ಳೇದು ಅಂದ್ರೆ, ಬ್ರೌಸರಿನಲ್ಲಿ ವಿಳಾಸವನ್ನ ನೀವೇ ಟೈಪ್ ಮಾಡ್ರಿ.

ಈಗ ಬ್ರೌಸರ್ ಆರಿಸೋ ವಿಷಯಕ್ಕೆ ಬರೋಣ. ನಾನು ಕಾಮರ್ಸ್ ಓದಿದವಳು. ಪುಕ್ಕಟೆ ಕೊಡೋ ವಸ್ತು ನೋಡಿದ್ರೆ ನನ್ನ ಮೊದಲ ಪ್ರಶ್ನೆ ಒಂದೇ: ಇವರಿಗೆ ದುಡ್ಡು ಎಲ್ಲಿಂದ ಬರುತ್ತೆ?

ಕ್ರೋಮ್ ಗೂಗಲ್‌ನದು, 2008ರಲ್ಲಿ ಬಂತು. ಗೂಗಲ್‌ಗೆ ದುಡ್ಡು ಬರೋದು ಮುಖ್ಯವಾಗಿ ಜಾಹೀರಾತಿನಿಂದ. ಐಫೋನ್‌ನಲ್ಲಿರೋ ಸಫಾರಿ ಆಪಲ್‌ನದು. ಅದರಲ್ಲಿ ಗೂಗಲ್ ಸರ್ಚನ್ನೇ ಮೊದಲಿಗೆ ಇಡೋದಕ್ಕೆ 2022ರಲ್ಲಿ ಗೂಗಲ್ ಆಪಲ್‌ಗೆ ಸುಮಾರು 2,000 ಕೋಟಿ ಡಾಲರ್ ಕೊಟ್ಟಿತ್ತು ಅಂತ ಅಮೆರಿಕದ ಕೋರ್ಟ್ ದಾಖಲೆಗಳಿಂದ ಹೊರಗೆ ಬಂತು. ಫೈರ್‌ಫಾಕ್ಸ್ ಮೊಜಿಲ್ಲಾದು, ಅದರ ಹಿಂದೆ ಲಾಭಕ್ಕಲ್ಲದ ಒಂದು ಫೌಂಡೇಶನ್ ಇದೆ. ಆದ್ರೆ ಅದರ ಆದಾಯದಲ್ಲೂ ದೊಡ್ಡ ಪಾಲು ಗೂಗಲ್ ಸರ್ಚ್ ಒಪ್ಪಂದದ್ದೇ. ಅಂದ್ರೆ ನಾವು ಸರ್ಚ್ ಬಾಕ್ಸಿನಲ್ಲಿ ಏನು ಬರೀತೀವಿ ಅನ್ನೋದಕ್ಕೆ ಇಷ್ಟು ಬೆಲೆ ಇದೆ ರೀ.

ಎರಡನೇ ಪ್ರಶ್ನೆ, ಒಳಗಿನ ಎಂಜಿನ್ ಯಾವುದು? ಟ್ರ್ಯಾಕ್ಟರ್ ಬಣ್ಣ ಬೇರೆ ಬೇರೆ ಇದ್ದು ಎಂಜಿನ್ ಒಂದೇ ಇದ್ದ ಹಾಗೆ ಇಲ್ಲೂ ಇದೆ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ಸ್ಯಾಮ್ಸಂಗ್ ಇಂಟರ್ನೆಟ್, ಇವೆಲ್ಲ ಕ್ರೋಮಿಯಂ ಅನ್ನೋ ಒಂದೇ ತಳಪಾಯದ ಮೇಲೆ ಕಟ್ಟಿದ್ದು. ಫೈರ್‌ಫಾಕ್ಸ್‌ಗೆ ಗೆಕ್ಕೊ ಅನ್ನೋ ಸ್ವಂತ ಎಂಜಿನ್ ಇದೆ. ಸಫಾರಿಗೆ ವೆಬ್‌ಕಿಟ್. ನಮ್ಮಲ್ಲಿ ಐಫೋನ್ ಇರೋರು ಕ್ರೋಮ್ ಹಾಕಿದ್ರೂ ಫೈರ್‌ಫಾಕ್ಸ್ ಹಾಕಿದ್ರೂ ಒಳಗೆ ಓಡೋದು ವೆಬ್‌ಕಿಟ್ಟೇ. ಇದು ಯಾಕೆ ಮುಖ್ಯ ಅಂದ್ರೆ, ಒಂದು ಸೈಟು ಕ್ರೋಮಿನಲ್ಲಿ ಕೈಕೊಟ್ಟಾಗ ಎಡ್ಜ್‌ನಲ್ಲಿ ನೋಡಿದ್ರೆ ಅಷ್ಟೇನೂ ಪ್ರಯೋಜನ ಆಗಲ್ಲ. ಫೈರ್‌ಫಾಕ್ಸ್‌ನಲ್ಲಿ ನೋಡಿದ್ರೆ ಆಗಬಹುದು.

ನಮ್ಮ ದೇಶದ ಬ್ರೌಸರ್ ಇಲ್ವಾ ಅಂತ ಕೇಳ್ತೀರಿ. ಇದೆ. 2010ರಲ್ಲೇ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಕಂಪನಿ ಎಪಿಕ್ ಅನ್ನೋ ಬ್ರೌಸರ್ ತಂದಿತ್ತು, ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡೋ ಸೌಲಭ್ಯ ಅದರೊಳಗೇ ಇತ್ತು. 2013ರಲ್ಲಿ ಅದು ಖಾಸಗಿತನದ ಕಡೆ ಹೊರಳಿ ಕ್ರೋಮಿಯಂ ಮೇಲೆ ಹೊಸದಾಗಿ ಬಂತು. ಕೇಂದ್ರ ಸರ್ಕಾರ 2023ರಲ್ಲಿ ಸ್ವದೇಶಿ ಬ್ರೌಸರಿಗೆ ಸ್ಪರ್ಧೆ ಇಟ್ಟಿತು. 2025ರ ಮಾರ್ಚ್‌ನಲ್ಲಿ ಜೋಹೊ ಕಂಪನಿಗೆ ಮೊದಲ ಬಹುಮಾನ ಒಂದು ಕೋಟಿ ಬಂತು. ಅವರ ಬ್ರೌಸರ್ ಉಲಾ, ಅದೂ ಕ್ರೋಮಿಯಂ ಮೇಲೆ ಕಟ್ಟಿದ್ದೇ.

ಹಾಗಾದ್ರೆ ಯಾವುದು ಹಾಕ್ಕೊಳ್ಳೋದು? ನನ್ನ ಉತ್ತರ: ಒಂದಲ್ಲ, ಎರಡು ಇಟ್ಕೊಳ್ರಿ.

ಒಂದು ಕೆಲಸದ್ದು. ಬ್ಯಾಂಕು, ಪಹಣಿ, ಸ್ಕಾಲರ್‌ಶಿಪ್, ಪರೀಕ್ಷೆ ಅರ್ಜಿ, ಇಷ್ಟೇ. ಇದಕ್ಕೆ ಕ್ರೋಮ್ ಸಾಕು, ಯಾಕಂದ್ರೆ ನಮ್ಮ ಬಹಳಷ್ಟು ಸೈಟುಗಳನ್ನ ಪರೀಕ್ಷೆ ಮಾಡಿರೋದೇ ಅದರ ಮೇಲೆ. ಇನ್ನೊಂದು ಸುತ್ತಾಡೋಕೆ. ಸುದ್ದಿ, ಸಿನಿಮಾ, ಕ್ರಿಕೆಟ್ ಸ್ಕೋರು, ಕಂಡ ಕಂಡ ಲಿಂಕು. ಇದಕ್ಕೆ ಫೈರ್‌ಫಾಕ್ಸ್ ಅಥವಾ ಬ್ರೇವ್. ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್ ಅನ್ನೋ ಎಕ್ಸ್‌ಟೆನ್ಶನ್ ಹಾಕಬಹುದು, ಜಾಹೀರಾತು ನಿಲ್ಲುತ್ತೆ. ಬ್ರೇವ್‌ನಲ್ಲಿ ಆ ತಡೆ ಮೊದಲೇ ಇರುತ್ತೆ. ಜಾಹೀರಾತು ಇಳೀದೆ ಇದ್ರೆ ಪೇಜು ಬೇಗ ತೆರೆಯುತ್ತೆ, ಡೇಟಾನೂ ಉಳಿಯುತ್ತೆ. ಆದ್ರೆ ಎಕ್ಸ್‌ಟೆನ್ಶನ್ ಅಂದ್ರೆ ನೀವು ನೋಡೋ ಪೇಜನ್ನ ಅದೂ ಓದಬಹುದು ಅಂತ ಅರ್ಥ. ಒಂದೋ ಎರಡೋ ಸಾಕು, ಗುಡ್ಡೆ ಹಾಕಬೇಡ್ರಿ.

ನೆಟ್‌ವರ್ಕ್ ತೀರಾ ಕಮ್ಮಿ ಇರೋ ಕಡೆ ಒಪೆರಾ ಮಿನಿ ಉಪಯೋಗಕ್ಕೆ ಬರುತ್ತೆ. ಅದು ಪೇಜನ್ನ ತನ್ನ ಸರ್ವರಿನಲ್ಲಿ ಕುಗ್ಗಿಸಿ ಕಳಿಸುತ್ತೆ. ಅಂದ್ರೆ ನಿಮ್ಮ ಪೇಜು ಇನ್ನೊಬ್ಬರ ಮನೆ ಹಾದು ಬರುತ್ತೆ. ಸುದ್ದಿ ಓದೋಕೆ ಸರಿ, ಬ್ಯಾಂಕಿಗೆ ಬೇಡ. ಇನ್ನು ನಮ್ಮೆಲ್ಲರ ಹಳೇ ಫೋನುಗಳಲ್ಲಿ ಇದ್ದ ಯುಸಿ ಬ್ರೌಸರ್ 2020ರ ಜೂನ್ 29ರಂದು ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಒಂದು. ಮನೆಯಲ್ಲಿ ಯಾರ ಫೋನ್‌ನಲ್ಲಾದ್ರೂ ಇನ್ನೂ ಇದ್ರೆ ತೆಗೆದುಬಿಡ್ರಿ. ಅಪ್‌ಡೇಟ್ ಬರದೇ ಇರೋ ಬ್ರೌಸರ್ ಅಂದ್ರೆ ಅಗಳಿ ಮುರಿದ ಬಾಗಿಲು.

ಈಗ ಇರೋ ಬ್ರೌಸರಿನಿಂದ ಪೂರ್ತಿ ಕೆಲಸ ತೆಗೆಯೋದು ಹೇಗೆ? ಐದು ವಿಷಯ ಹೇಳ್ತೀನಿ.

ಒಂದು, ವಿಳಾಸ ಓದೋದು. ವಿಳಾಸದ ಮೇಲೆ ಒತ್ತಿದ್ರೆ ಪೂರ್ತಿ ಕಾಣುತ್ತೆ. ಸೈಟಿನ ಹೆಸರು ಮುಗಿದ ಮೇಲೆ ಬರೋ ಮೊದಲ ಅಡ್ಡಗೆರೆ ಹುಡುಕ್ರಿ. ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದ್ರಿ. ಸರ್ಕಾರಿ ಸೈಟಾದ್ರೆ ಆ ಗೆರೆಗೆ ತಾಗಿಕೊಂಡೇ ಸಾಮಾನ್ಯವಾಗಿ "ಡಾಟ್ ಗವ್ ಡಾಟ್ ಇನ್" ಇರುತ್ತೆ. ನಮ್ಮ ಪಹಣಿ ಸೈಟು ನೋಡ್ರಿ, "ಕರ್ನಾಟಕ ಡಾಟ್ ಗವ್ ಡಾಟ್ ಇನ್" ಅಂತ ಮುಗಿಯುತ್ತೆ. ನನಗೆ ಟೋಪಿ ಹಾಕಿದ ಸೈಟಿನಲ್ಲೂ "ಗವ್" ಇತ್ತು, ಆದ್ರೆ ಮಧ್ಯದಲ್ಲಿ. ಕೊನೆಗಿದ್ದದ್ದು "ಡಾಟ್ ಆನ್‌ಲೈನ್". ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕ್ ಈಗ "ಡಾಟ್ ಬ್ಯಾಂಕ್ ಡಾಟ್ ಇನ್" ಅನ್ನೋ ವಿಳಾಸ ಕಡ್ಡಾಯ ಮಾಡಿದೆ, ಅದಕ್ಕೆ 2025ರ ಅಕ್ಟೋಬರ್ 31 ಗಡುವು ಕೊಟ್ಟಿತ್ತು. ಬೀಗದ ಚಿತ್ರ ನೋಡಿ ನಂಬಬೇಡ್ರಿ. ಬೀಗ ಅಂದ್ರೆ ದಾರಿಯಲ್ಲಿ ಯಾರೂ ಕದ್ದು ನೋಡಲ್ಲ ಅಂತ ಅಷ್ಟೇ, ಆ ಕಡೆ ಕೂತವನು ಕಳ್ಳನಲ್ಲ ಅಂತ ಅಲ್ಲ. ಅದಕ್ಕೇ ಕ್ರೋಮ್ 2023ರಲ್ಲಿ ಆ ಬೀಗವನ್ನೇ ತೆಗೆದು ಬೇರೆ ಗುರುತು ಹಾಕಿತು.

ಎರಡು, ಪಾಸ್‌ವರ್ಡ್ ಬ್ರೌಸರಿನಲ್ಲೇ ಸೇವ್ ಮಾಡ್ರಿ, ಫೋನಿಗೆ ಲಾಕ್ ಇಟ್ಕೊಂಡು. ಇದರಲ್ಲಿ ಒಂದು ಗುಟ್ಟಿದೆ. ಬ್ರೌಸರ್ ಪಾಸ್‌ವರ್ಡನ್ನ ವಿಳಾಸದ ಜೊತೆ ಸೇರಿಸಿ ನೆನಪಿಟ್ಕೊಳ್ಳುತ್ತೆ. ನಕಲಿ ಸೈಟು ಎಷ್ಟೇ ಚಂದ ಇದ್ರೂ ವಿಳಾಸ ಬೇರೆ, ಹಾಗಾಗಿ ಅಲ್ಲಿ ತಾನಾಗಿ ತುಂಬಲ್ಲ. ದಿನಾ ತುಂಬ್ತಿದ್ದದ್ದು ಇವತ್ತು ತುಂಬಲಿಲ್ಲ ಅಂದ್ರೆ ಕೈ ನಿಲ್ಲಿಸಿ ವಿಳಾಸ ನೋಡ್ರಿ. ಸೈಬರ್ ಸೆಂಟರಿನ ಕಂಪ್ಯೂಟರ್‌ನಲ್ಲಿ ಮಾತ್ರ ಯಾವತ್ತೂ ಸೇವ್ ಮಾಡಬೇಡ್ರಿ.

ಮೂರು, ನೋಟಿಫಿಕೇಶನ್. "ಫೋನಿಗೆ ವೈರಸ್ ಬಂದಿದೆ" ಅಂತ ಮೆಸೇಜು ಬರ್ತಾ ಇದ್ರೆ, ಬಹಳ ಸಲ ಅದು ವೈರಸ್ ಅಲ್ಲ, ಯಾವುದೋ ಸೈಟಿಗೆ ನಾವು ಕೊಟ್ಟ "ಅಲೋ". ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿರೋ ಗುರುತಿಲ್ಲದ ಹೆಸರೆಲ್ಲ ಬ್ಲಾಕ್ ಮಾಡ್ರಿ.

ನಾಲ್ಕು, ಇನ್‌ಕಾಗ್ನಿಟೊ. ಅದು ನಿಮ್ಮ ಫೋನಿನಲ್ಲಿ ಹಿಸ್ಟರಿ ಉಳಿಸಲ್ಲ, ಅಷ್ಟೇ. ಇಂಟರ್ನೆಟ್ ಕಂಪನಿಗೆ, ನೀವು ಹೋದ ಸೈಟಿಗೆ ನೀವು ಕಾಣ್ತೀರಿ. ಅದು ಮಾಯದ ಕಂಬಳಿ ಅಲ್ಲ.

ಐದು, ಓದೋರಿಗೆ. ನೆಟ್‌ವರ್ಕ್ ಇರೋ ಕಡೆ ಪೇಜು ಡೌನ್‌ಲೋಡ್ ಮಾಡಿಟ್ಕೊಂಡ್ರೆ ಹೊಲದಲ್ಲೂ ಓದಬಹುದು. "ಫೈಂಡ್ ಇನ್ ಪೇಜ್" ಒತ್ತಿ ಕನ್ನಡದಲ್ಲೇ ಪದ ಹುಡುಕಬಹುದು, ಉದ್ದದ ಅಧಿಸೂಚನೆಯಲ್ಲಿ ನಮ್ಮ ತಾಲ್ಲೂಕಿನ ಹೆಸರು ಹುಡುಕೋಕೆ ಅನುಕೂಲ. ಪದ ಕಣ್ಣೆದುರಿಗೇ ಇದ್ರೂ ಸಿಗ್ತಿಲ್ಲ ಅಂದ್ರೆ, ಆ ಫೈಲನ್ನ ಯುನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಮಾಡಿರಬಹುದು. ತಪ್ಪು ನಿಮ್ಮದಲ್ಲ, ಕಣ್ಣಲ್ಲೇ ಓದ್ರಿ.

ಕೊನೆಗೆ ಅಪ್ಪನ ವಿಷಯ. ಹೋದ ತಿಂಗಳು ಅವರ ಫೋನಿನಲ್ಲಿ ಪಹಣಿ, ಪಿಎಂ ಕಿಸಾನ್, ಬ್ಯಾಂಕು, ಈ ಮೂರೂ ಸೈಟುಗಳನ್ನ "ಆ್ಯಡ್ ಟು ಹೋಮ್ ಸ್ಕ್ರೀನ್" ಮಾಡಿಕೊಟ್ಟೆ. ಅವರ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದೆ. ಬಲದಿಂದ ಎಡಕ್ಕೆ ಓದೋದನ್ನ ಎರಡು ಸಲ ತೋರಿಸಿದೆ.

ಮೊನ್ನೆ ರಾತ್ರಿ ನಾನು ಅವಸರದಲ್ಲಿ ಏನೋ ಅರ್ಜಿ ತುಂಬ್ತಾ ಕೂತಿದ್ದೆ. ಅಪ್ಪ ಪಕ್ಕ ಬಂದು ಕನ್ನಡಕ ಏರಿಸಿಕೊಂಡು ಫೋನಿಗೆ ಬಗ್ಗಿದ್ರು. "ಗೆರಿ ಹಿಂದ ಏನೈತಿ, ಓದು ನೋಡೂಣು" ಅಂದ್ರು. ಓದಿದೆ. "ಹಂ, ಈಗ ತುಂಬು" ಅಂದ್ರು.

ನೀವೂ ಇವತ್ತು ಮನೆಯಲ್ಲಿ ಒಬ್ಬರಿಗೆ ಆ ಗೆರೆ ತೋರಿಸ್ರಿ. ಮೋಸ ಆದ್ರೆ 1930ಕ್ಕೆ ಫೋನ್ ಮಾಡ್ರಿ, ಮೂರನೇ ದಿನ ಅಲ್ಲ, ಆ ಕ್ಷಣವೇ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಬರ್ತೀನಿ ರೀ.